ಎರಡು ಪಾಳಿಯ ಹಾಸಿಗೆ

ನಮ್ಮೂರ ಹೆಸರು ಎಲ್ಕ್ ಕೂಲಿ. ಹೆಸರಿನಲ್ಲೇ ಕೂಲಿ ಇದ್ದರೂ ಕೂಲಿಗೆಂದು ಬರುವವರು ಮೊದಲು ಯಾರೂ ಇರಲಿಲ್ಲ. ಇದ್ದದ್ದು ಗೋಧಿ, ಗಾಳಿ ಮತ್ತು ಲೂಥರನ್ ಚರ್ಚಿನ ಮುದುಕಿಯರು. ನೆಲದಡಿ ಎಣ್ಣೆ ಸಿಕ್ಕಿತು ನೋಡಿ, ಅಮೆರಿಕದ ಮೂಲೆಮೂಲೆಯಿಂದ ಗಂಡಸರು ಉತ್ತರ ಡಕೋಟಾದ ಈ ಬಯಲಿಗೆ ನುಗ್ಗಿದರು. ಒಂದು ಎಣ್ಣೆಯ ಬೆನ್ನಿಗೆ ಇನ್ನೊಂದು ಎಣ್ಣೆಯೂ ಬಂತು. ಅದರ ಅಂಗಡಿಗೆ ಬಾಗಿಲು ಹಾಕುವ ಅಭ್ಯಾಸವೇ ತಪ್ಪಿಹೋಯಿತು. ಕೆಲಸ ಬೇಕೆಂದವನಿಗೆ ಕೆಲಸ ಇತ್ತು, ಮಲಗಲು ಜಾಗ ಮಾತ್ರ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಹಾಸಿಗೆ ಇದ್ದವರಿಗೆ ಹೇಳಿದ ಮಾತು. ನಮ್ಮಲ್ಲಿ ಚಾಚುವುದಕ್ಕೆ ಕಾಲುಗಳಿದ್ದವು, ಅಷ್ಟೆ.

ನನ್ನ ಪಕ್ಕದ ಮನೆಯ ಆರ್ಲಿಸ್ ಸ್ಕೋಗನ್ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದ ವಿಧವೆ. ಮಕ್ಕಳಿಗೆ ಬಡಿಸಿ ಬಡಿಸಿ ಆಕೆಗೆ ಎಲ್ಲ ಗಂಡಸರೂ ಎರಡನೇ ಕ್ಲಾಸಿನ ಹುಡುಗರಂತೆಯೇ ಕಾಣುತ್ತಿದ್ದರು. ಮಹಡಿಯ ಕೋಣೆಗಳಿಗೆ ಮಂಚ ಹಾಕಿಸಿ ಬಾಡಿಗೆಗೆ ಕೊಟ್ಟಳು. ಊರೆಲ್ಲ ಮಾಡುತ್ತಿದ್ದಂತೆ ಆಕೆಯೂ ಒಂದು ಮಂಚವನ್ನು ಇಬ್ಬರಿಗೆ ಕೊಡುತ್ತಿದ್ದಳು. ಹಗಲು ದುಡಿಯುವವನು ರಾತ್ರಿ ಮಲಗುತ್ತಾನೆ, ರಾತ್ರಿ ದುಡಿಯುವವನು ಹಗಲು. ಹಾಸಿಗೆ ಆರುವುದೇ ಇಲ್ಲ. ಮಧ್ಯೆ ಹೊದಿಕೆ ಬದಲಾಯಿಸಿ ಕಿಟಕಿ ಒಂದು ಗಳಿಗೆ ತೆರೆಯುವುದು ಆರ್ಲಿಸಳ ಪಾಲಿನ ಪಾಳಿ.

ಮೆಟ್ಟಿಲ ಪಕ್ಕದ ಮಂಚ ಹಾರ್ಲನ್ ಮತ್ತು ವೆಂಡೆಲ್ ಅವರದು. ಹಾರ್ಲನ್ ಬಾವಿ ಕೊರೆಯುವ ಯಂತ್ರದಲ್ಲಿ ಹಗಲು ಪಾಳಿ. ದೊಡ್ಡ ದನಿ, ದೊಡ್ಡ ಹೊಟ್ಟೆ. ವೆಂಡೆಲ್ ಅದೇ ಯಂತ್ರದಲ್ಲಿ ರಾತ್ರಿ ಪಾಳಿ. ಸಣಕಲ, ಮಾತು ಕಡಿಮೆ. ಸಂಜೆ ಒಬ್ಬ ಮೆಟ್ಟಿಲು ಹತ್ತುವಾಗ ಇನ್ನೊಬ್ಬ ಇಳಿಯುತ್ತಿದ್ದ. "ಬೆಚ್ಚಗೆ ಮಾಡಿಟ್ಟಿದೀನಿ, ಹೋಗು" ಎಂದು ಇಳಿಯುವವನು ಹೇಳಬೇಕು, ಅದು ಅವರೊಳಗಿನ ಪದ್ಧತಿ. "ಗಂಡ ಹೆಂಡತಿ ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ನಾನು ನೋಡಿಲ್ಲ, ಯಾಕಂದ್ರೆ ಇವರಿಬ್ರೂ ಒಟ್ಟಿಗೆ ಎಚ್ಚರಾನೇ ಇರಲ್ಲ" ಎಂದು ಆರ್ಲಿಸ್ ನಗುತ್ತಿದ್ದಳು.

ಆ ಚಳಿಗಾಲದಲ್ಲಿ ಲೋನಿ ಬಂದ. ಆರ್ಕನ್ಸಾದವನು, ಬಾವಿಗಳಿಂದ ಉಪ್ಪುನೀರು ಸಾಗಿಸುವ ಟ್ಯಾಂಕರಿನ ಚಾಲಕ. ಹಗಲೆಲ್ಲ ದುಡಿದು ರಾತ್ರಿ ತನ್ನ ಹಳೆಯ ಪಿಕಪ್ ಗಾಡಿಯಲ್ಲೇ ಮಲಗುತ್ತಿದ್ದ. ಅಂಗಡಿಯ ಮುಂದೆ ನಿಲ್ಲಿಸಿದರೆ ಅಂಗಡಿಯವರು ಓಡಿಸುತ್ತಿದ್ದರು, ಚರ್ಚಿನ ಮುಂದೆ ನಿಲ್ಲಿಸಿದರೆ ಭಕ್ತರು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ಚಳಿಯಲ್ಲಿ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಬೆಳಗಿನ ತಿಂಡಿಗೆ ಆರ್ಲಿಸಳ ಅಡುಗೆಮನೆಗೆ ಬಂದು ಒಲೆಯ ಪಕ್ಕ ಕೂರುತ್ತಿದ್ದ. ಅವಳ ಹೆಪ್ಪುಗಟ್ಟಿದ ಕೊಳಾಯಿ ಬಿಡಿಸಿಕೊಟ್ಟ, ಬಾಗಿಲಿನ ಕೀಲು ಸರಿ ಮಾಡಿದ. ಹಾರ್ಲನ್ ತನ್ನ ತಟ್ಟೆಯ ಹುರಿದ ಆಲೂಗಡ್ಡೆಯಲ್ಲಿ ಅರ್ಧ ಅವನ ತಟ್ಟೆಗೆ ತಳ್ಳುತ್ತಿದ್ದ.

ಲೋನಿಯದು ದಿನಾ ಒಂದೇ ಪ್ರಶ್ನೆ. "ರಾತ್ರಿ ಹಾಸಿಗೆ ಏನಾದ್ರೂ ಖಾಲಿ ಆಯ್ತಾ, ಅಮ್ಮಾ?"

"ಈ ಊರಲ್ಲಿ ಹಾಸಿಗೆ ಖಾಲಿ ಆಗ್ಬೇಕಾದ್ರೆ ಯಾರಾದ್ರೂ ಸಾಯ್ಬೇಕು ಮಗಾ. ಆದ್ರೆ ಮುಂದಿಂದು ನಿನಗೇ. ಇದು ಮಾತು."

"ನನ್ನ ಕಡೆ ನೋಡ್ಬೇಡಪ್ಪ," ಎಂದ ಹಾರ್ಲನ್, ಹೊಟ್ಟೆ ತಟ್ಟಿಕೊಂಡು. "ಇದನ್ನ ಕರಗಿಸೋಕೇ ಹತ್ತು ವರ್ಷ ಬೇಕು."

ಎಲ್ಲರೂ ನಕ್ಕರು. ಲೋನಿಯೂ ನಕ್ಕ.

ಫೆಬ್ರವರಿಯ ಒಂದು ದಿನ ಹಾರ್ಲನ್‌ಗೆ ಜ್ವರ. ಕೆಲಸಕ್ಕೆ ಹೋಗಲಿಲ್ಲ, ಹಗಲು ಹಾಸಿಗೆ ವೆಂಡೆಲ್‌ನದಾದ್ದರಿಂದ ಅಡುಗೆಮನೆಯ ಬೆಂಚಿನ ಮೇಲೆ ನರಳುತ್ತ ಬಿದ್ದಿದ್ದ. ಲೋನಿ ಅಂದು ಬೆಳಿಗ್ಗೆ ತಿಂಡಿಗೆ ಬಂದಿರಲಿಲ್ಲ. ಸಂಜೆ ವೆಂಡೆಲ್ ಇಳಿದು ಬಂದು ತನ್ನ ಕೋಟು ಎತ್ತಿದರೆ ಅದು ಹಿಂದಿನ ರಾತ್ರಿ ಮೆತ್ತಿದ ಎಣ್ಣೆಕೆಸರಿನಿಂದ ಹಲಗೆಯಂತೆ ಸೆಟೆದು ನಿಂತಿತ್ತು.

"ನಂದು ಹಾಕ್ಕೊಂಡು ಹೋಗೋ," ಎಂದ ಹಾರ್ಲನ್. "ಒಳಗೆ ಇನ್ನೊಬ್ಬನಿಗೂ ಜಾಗ ಇದೆ."

"ಬೆಚ್ಚಗೆ ಮಾಡಿಟ್ಟಿದೀನಿ, ಹೋಗು," ಎಂದ ವೆಂಡೆಲ್, ಮೇಲಿನ ಹಾಸಿಗೆಯ ಕಡೆ ಕೈ ತೋರಿಸಿ. ಹಾರ್ಲನ್‌ನ ಕೋಟು ತೊಟ್ಟು, ಮುಖಕ್ಕೆಲ್ಲ ಉಣ್ಣೆಯ ಪಟ್ಟಿ ಸುತ್ತಿಕೊಂಡು ಕತ್ತಲಿಗೆ ಇಳಿದ. ಕೋಟಿನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 'ಹಾರ್ಲನ್' ಎಂದು ಬರೆದಿತ್ತು. ಇಲ್ಲಿ ಎಲ್ಲರೂ ಹಾಗೆಯೇ ಬರೆಸುವುದು. ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಕೊಂಡ ಗಂಡಸನ್ನು ಹಿಂದಿನಿಂದಲೇ ಗುರುತಿಸಬೇಕು.

ಮರುದಿನ ಇನ್ನೂ ಬೆಳಕು ಹರಿಯುವ ಮೊದಲು ಅಡುಗೆಮನೆಯ ಬಾಗಿಲು ಬಡಿಯಿತು. ಲೋನಿ. ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ತಲೆದಿಂಬು. ತುಟಿ ನೀಲಿಯಾಗಿತ್ತು.

"ಏನಪ್ಪಾ, ಮದುವೆ ದಿಬ್ಬಣದ ಹಾಗೆ ಸಾಮಾನು ಸಮೇತ?" ಎಂದಳು ಆರ್ಲಿಸ್.

"ಹಾಸಿಗೆಗೆ ಬಂದೆ ಅಮ್ಮಾ. ಹಾರ್ಲನ್‌ದು. ನೀವು ಮಾತು ಕೊಟ್ಟಿದ್ರಲ್ಲ, ಬೇರೆಯವರು ಬರೋಕೆ ಮುಂಚೆ..."

"ಹಾರ್ಲನ್ ಹೋದ ಅಂತ ಯಾರಪ್ಪ ಹೇಳಿದ್ದು ನಿನಗೆ?"

ಲೋನಿ ಒಲೆಯ ಕಡೆ ನೋಡುತ್ತಿದ್ದ. ಯಾರೋ ತಮಾಷೆ ಮಾಡಿ ಇವನನ್ನು ಕಳಿಸಿದ್ದಾರೆ ಎಂದುಕೊಂಡು ಆರ್ಲಿಸ್ ಕಾಫಿ ಬಗ್ಗಿಸಿದಳು. ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿತು. ಕಂಬಳಿ ಹೊದ್ದು, ಮೂಗು ಒರೆಸುತ್ತ ಹಾರ್ಲನ್ ಇಳಿದು ಬಂದ.

"ವೆಂಡೆಲ್ ಬಂದ್ನಾ? ನನ್ನ ಕೋಟು ಬೇಕು, ಇವತ್ತು ಹೋಗ್ತೀನಿ ಕೆಲಸಕ್ಕೆ." ಲೋನಿಯನ್ನು ಕಂಡು, "ಏನೋ, ಇಷ್ಟು ಬೇಗ? ನನ್ನ ಆಲೂಗಡ್ಡೆ ಮೇಲೆ ಕಣ್ಣಾ?"

ಲೋನಿಯ ಕಂಕುಳಿನಿಂದ ದಿಂಬು ಜಾರಿ ನೆಲಕ್ಕೆ ಬಿತ್ತು. ಆರ್ಲಿಸ್ ಅವನ ಮುಖ ನೋಡಿದಳು. ಜೀವಂತ ಮನುಷ್ಯನನ್ನು ಕಂಡು ಯಾರೂ ಹಾಗೆ ಹೆದರಿದ್ದನ್ನು ತಾನು ನೋಡಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

"ಕೋಟು..." ಎಂದ ಲೋನಿ. "ಕೋಟಲ್ಲಿ ನಿನ್ನ ಹೆಸರಿತ್ತಲ್ಲೋ."

"ವೆಂಡೆಲ್ ಎಲ್ಲಿ ಲೋನಿ?" ಎಂದಳು ಆರ್ಲಿಸ್.

"ಪೈಪು ಪೇರಿಸಿರೋ ಅಂಗಳದ ಹಿಂದೆ, ಹಳ್ಳದಲ್ಲಿ. ಕಬ್ಬಿಣದ ಪಾನಾದಲ್ಲಿ... ಒಂದೇ ಏಟು. ನೋವಾಗಿರಲ್ಲ."

ಹಾರ್ಲನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಹೊಡೆಯಲಿಲ್ಲ, ಕೂಗಲಿಲ್ಲ. "ನನ್ನನ್ನಾ?" ಎಂದ. "ನನ್ನ ಯಾಕೋ? ನಾನೇನು ಮಾಡಿದ್ದೆ ನಿನಗೆ?"

"ಏನೂ ಮಾಡಿಲ್ಲ," ಎಂದ ಲೋನಿ. "ನೀನು ರಾತ್ರಿ ಮಲಗ್ತಿದ್ದೆ."

ಹಾರ್ಲನ್ ಕಂಬಳಿಯಲ್ಲೇ, ಕೋಟಿಲ್ಲದೆ, ಹೊರಗೆ ಓಡಿದ. ಬದುಕಿರಬಹುದು ಎಂದು ಅವನಿಗೆ ಆಸೆ. ಮೂವತ್ತು ಕೆಳಗಿನ ಚಳಿಯಲ್ಲಿ ಇಡೀ ರಾತ್ರಿ ಹಳ್ಳದಲ್ಲಿ ಬಿದ್ದವನು ಬದುಕಿರುವುದಿಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು.

ಆರ್ಲಿಸ್ ಪೊಲೀಸರಿಗೆ ಫೋನ್ ಮಾಡಿದಳು. ಹಿಮದ ಗಾಳಿಗೆ ಹೆದ್ದಾರಿ ಮುಚ್ಚಿತ್ತು, ಬರುವುದು ತಡ ಎಂದರು. ಬಾಗಿಲು ಹಾಕಿಕೊಂಡು ಬೇರೆ ಕೋಣೆಗೆ ಹೋಗಿ ಎಂದರು. ಆಕೆ ಹೋಗಲಿಲ್ಲ. ಒಲೆಯ ಆಚೆ ಅವಳು, ಈಚೆ ಲೋನಿ. ಓಡಿಹೋಗುವ ಯೋಚನೆ ಅವನಿಗೆ ಇದ್ದಂತೆ ಕಾಣಲಿಲ್ಲ. ಓಡಿಹೋಗಲು ಹೊರಗೆ ಹೋಗಬೇಕಲ್ಲ.

"ರಾತ್ರಿಯೆಲ್ಲ ಗಾಡೀಲಿ ಕೂತು ಅದನ್ನೇ ಯೋಚಿಸ್ತಿದ್ದೆ," ಎಂದ ಅವನು, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. "ಮೇಲೆ ಬೆಚ್ಚಗಿನ ಹಾಸಿಗೆ ಒಂದು ಸುಮ್ನೆ ಖಾಲಿ ಬಿದ್ದಿದೆ, ನಾನು ಇಲ್ಲಿ ಸಾಯ್ತಿದೀನಿ ಅಂತ. ತಕ್ಷಣ ಬಂದ್ರೆ ಅನುಮಾನ ಬರುತ್ತೆ ಅಂತ ತಡೆದೆ. ಆಮೇಲೆ ತಡೆಯೋಕೆ ಆಗ್ಲಿಲ್ಲ ಅಮ್ಮಾ. ಬೇರೆ ಯಾರಾದ್ರೂ ಬಂದುಬಿಟ್ರೆ?"

ಲೋನಿ ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ಈಗ ಅದು ಖಾಲೀನೇ ಅಲ್ವಾ?" ಎಂದ. "ಅವರು ಬರೋವರೆಗೆ ಮಲಗ್ಲಾ?"

ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ ಎಂದು ಆರ್ಲಿಸ್ ಪೊಲೀಸರಿಗೂ ಹೇಳಿದಳು, ವಕೀಲರಿಗೂ ಹೇಳಿದಳು, ಪಾದ್ರಿಗೂ ಹೇಳಿದಳು. ಲೋನಿ ಬಗ್ಗಿ ಬೂಟು ಕಳಚಿದ. ಬೂಟು ಹಾಕಿಕೊಂಡು ಮಹಡಿ ಹತ್ತಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು, ಮನೆಯಲ್ಲಿ ಇದ್ದವರೆಲ್ಲ ಪಾಲಿಸುತ್ತಿದ್ದರು. ಎಡಗಾಲಿನ ಬೂಟು ಬರಲು ಕಷ್ಟವಾಯಿತು. ಎರಡನ್ನೂ ಗೋಡೆಗೆ ಸರಿಯಾಗಿ ಜೋಡಿಸಿಟ್ಟು, ನೆಲದಿಂದ ದಿಂಬು ಎತ್ತಿಕೊಂಡು, ಮೆಟ್ಟಿಲು ಹತ್ತಿಹೋದ.

ಪೊಲೀಸರು ಬಂದಾಗ ಬೆಳಕು ಚೆನ್ನಾಗಿಯೇ ಹರಿದಿತ್ತು. ಆರ್ಲಿಸ್ ಬೆರಳು ಮೇಲೆ ತೋರಿಸಿದಳು. ಪಿಸ್ತೂಲು ಹಿಡಿದು ಹತ್ತಿದ ಇಬ್ಬರು ಅವನನ್ನು ಅಲುಗಾಡಿಸಿ, ಹೆಸರು ಹಿಡಿದು ಕೂಗಿ, ಮತ್ತೆ ಅಲುಗಾಡಿಸಿ ಎಬ್ಬಿಸಬೇಕಾಯಿತಂತೆ. ನಾನು ಅಂಗಳದಲ್ಲಿ ನಿಂತಿದ್ದೆ. ಬೇಡಿ ಹಾಕಿ ಕರೆತಂದಾಗ ಅವನ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ತುಟಿಯ ನೀಲಿ ಹೋಗಿ ಕೆಂಪು ಬಂದಿತ್ತು.