ಓದದೆ ಉಳಿದ ಮೂರನೆಯ ಪ್ರಕಟಣೆ

ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಕುಟುಂಬಗಳನ್ನು ವಿಚ್ಛೇದನವೋ, ಗರ್ಭಪಾತವೋ, ಚೇತರಿಸಿಕೊಳ್ಳದ ರೋಗಿಯ ಕೃತಕ ಉಸಿರಾಟವೋ ಕಾಡಿದಾಗ ಮೊದಲು ನೆನಪಾಗುತ್ತಿದ್ದ ಹೆಸರು ರೆವರೆಂಡ್ ಸುಗುಣಾಕರ ಹಾದಿಮನಿಯವರದು. ಈ ತಿಂಗಳು ಸಭಾಪಾಲನೆಯಿಂದ ನಿವೃತ್ತರಾಗುತ್ತಿರುವ ಅಯ್ಯನವರು ವೇದವಾಕ್ಯವೊಂದನ್ನು ಹೇಳಿ ಯಾರನ್ನೂ ಬೇಗ ಸಾಗಹಾಕಿದವರಲ್ಲ. ಬಂದವರೆದುರು ಸುಮ್ಮನೆ ಕುಳಿತಿರುತ್ತಿದ್ದರು. "ಉತ್ತರ ಲಗೂ ಬಂತಂದ್ರ, ಪ್ರಶ್ನಿ ಪೂರಾ ಕೇಳಿಸ್ಕೊಂಡಿಲ್ಲ ಅಂತ ತಿಳೀರಿ" ಎಂದು ಯುವಜನರಿಗೆ ಹೇಳುತ್ತಿದ್ದರು. ಆ ಮೌನದಿಂದ ಹಲವರು ಉಳಿದರು, ಒಬ್ಬಳು ಬೆಂದಳು. ಅದನ್ನು ಮರೆಮಾಚಿ ಕೊಂಡಾಡಿದರೆ ಅವರೇ ಒಪ್ಪಲಾರರು.

ನವಲಗುಂದದ ಕಡೆಯ ಹಳ್ಳಿಗಳಲ್ಲಿದ್ದಾಗ, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಹೊರಹಾಕಿದ ಹೆಣ್ಣುಮಗಳಿಗೆ ತಮ್ಮ ಮನೆಯಲ್ಲೇ ಕೋಣೆ ಕೊಟ್ಟು, ಆಕೆ ಹೊಲಿಗೆ ಕಲಿತು ನಿಲ್ಲುವವರೆಗೆ ಊರವರ ಚುಚ್ಚುಮಾತನ್ನು ತಾವು ಉಂಡರು. ಮುಂದಿನದು ಅಲ್ಲಿಂದ ಹುಬ್ಬಳ್ಳಿಯ ಉಣಕಲ್ಲಿನ ಸಭೆಗೆ ಬಂದ ಮೇಲಿನ ಸಂಗತಿ.

ಬೈರಿದೇವರಕೊಪ್ಪದ ಶಾಲಾ ಶಿಕ್ಷಕಿ ರಜನಿಗೂ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ ಜಯಶೀಲನಿಗೂ ಮದುವೆ ಗೊತ್ತಾಗಿತ್ತು. ಮದುವೆಗೆ ಮುನ್ನ ಮೂರು ಭಾನುವಾರ ವಧೂವರರ ಹೆಸರನ್ನು ಸಭೆಯ ಮುಂದೆ ಓದಿ, ಅಡ್ಡಿಯಿದ್ದರೆ ತಿಳಿಸಿರೆಂದು ಕೇಳುವುದು ಪದ್ಧತಿ. ಎರಡನೆಯ ಪ್ರಕಟಣೆಯಾದ ವಾರ ಜಯಶೀಲ ಬಂದು, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, ತನಗೆ ಎಚ್‌ಐವಿ ಇದೆಯೆಂದ.

"ಆಕೀಗೆ ನೀನ ಹೇಳಪಾ. ಜೋಡಿ ನಾ ಬರ್ತೇನಿ."

"ಹೇಳಿದ್ರ ಲಗ್ನ ಮುರೀತೈತಿ, ಅಯ್ಯನವರ. ಹೇಳೂದಿಲ್ಲ."

ಮೂರನೆಯ ಭಾನುವಾರ ಅಯ್ಯನವರು ಚೀಟಿ ಹಿಡಿದು ನಿಂತರು. ಓದಿದರೆ ರಜನಿಗೆ ವಂಚನೆ, ಕಾರಣ ಹೇಳಿದರೆ ನಂಬಿ ಬಂದವನಿಗೆ ದ್ರೋಹ. ಚೀಟಿ ಮಡಚಿ ಕೀರ್ತನೆ ಹಾಡಿಸಿದರು. ಮೂರನೆಯ ಪ್ರಕಟಣೆಯಿಲ್ಲದೆ ಮದುವೆ ನಡೆಸುವಂತಿಲ್ಲ; ಅದು ನಿಂತಿತು. ಆದರೆ ಜನ ಜಯಶೀಲನನ್ನು ಶಂಕಿಸಲಿಲ್ಲ. ಹುಡುಗಿಯದೇ ಏನೋ ಇರಬೇಕೆಂದರು.

ರಜನಿಯ ತಾಯಿ ರೂತವ್ವ ಪ್ರಾರ್ಥನಾಲಯದ ಮೆಟ್ಟಿಲ ಮೇಲೆ ಅವರನ್ನು ತಡೆದಳು. "ನನ್ನ ಮಗಳೊಳಗ ಏನ್ ಕಸರು ಕಂಡ್ರಿ?"

"ಆಕಿ ಒಳಗ ಏನೂ ಇಲ್ಲವ್ವಾ."

"ಹಂಗಾರ ಎಲ್ಲಾರ ಮುಂದ ಹೇಳ್ರಿ! ನನ್ನ ಕಿವ್ಯಾಗ ಹೇಳಿದ್ರ ಏನ್ ಬಂತು?"

ಹೇಳಿದ್ದರೆ ಬೆರಳು ಜಯಶೀಲನತ್ತ ತಿರುಗುತ್ತಿತ್ತು. ಅವರು ಹೇಳಲಿಲ್ಲ. ರಜನಿಗೆ ಮತ್ತೆ ಸಂಬಂಧ ಕೂಡಿಬರಲಿಲ್ಲ. ರೂತವ್ವ ಮತ್ತೆ ಅಯ್ಯನವರ ಮುಖ ನೋಡದೆಯೇ ತೀರಿಕೊಂಡಳು.

ಜಯಶೀಲನನ್ನು ಅಯ್ಯನವರೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ಯುತ್ತಿದ್ದರು. ಗುರುತಿನವರು ಕಂಡಾರೆಂಬ ಭಯಕ್ಕೆ ಅವನು ಗುಳಿಗೆಗಳನ್ನೇ ಬಿಟ್ಟ. ಕೊನೆಗಾಲದಲ್ಲಿ ರಜನಿಯನ್ನು ಆಸ್ಪತ್ರೆಗೆ ಕರೆಸಿ ತಾನೇ ಎಲ್ಲ ಹೇಳಿದ; ತಾನು ಹೋದ ಮೇಲೆ ಯಾರಿಗಾದರೂ ಹೇಳಬಹುದೆಂದ. ಹೊರಗೆ ಬೆಂಚಿನ ಮೇಲಿದ್ದ ಅಯ್ಯನವರ ಮುಂದೆ ಅವಳು ನಿಂತಳು.

"ನನ್ನ ಜೀವಾ ಉಳಿಸಿದ್ರಿ, ಖರೇ. ಒಂದ ಮಾತ ಆಡಿದ್ರ ಹೆಸರೂ ಉಳೀತಿತ್ತಲ್ರಿ?"

"ಉಳೀತಿತ್ತವ್ವಾ," ಎಂದರು.

ಅಂದಿನಿಂದ, ಮೊದಲ ಪ್ರಕಟಣೆಗೆ ಮುನ್ನವೇ ವಧೂವರರಿಬ್ಬರನ್ನೂ ಒಟ್ಟಿಗೆ ಕೂರಿಸಿ, ಹೇಳಿಕೊಳ್ಳಬೇಕಾದದ್ದನ್ನು ಪರಸ್ಪರ ಹೇಳಿಕೊಳ್ಳುವವರೆಗೆ ಅಯ್ಯನವರು ಕಾಯುತ್ತಾರೆ.

ಅಯ್ಯನವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥಕ್ಕಾಗಿ ರಜನಿಯ ಒಪ್ಪಿಗೆ ಕೇಳಿದಾಗ ಆಕೆ, "ಬರೀರಿ. ಆದ್ರ ನಾ ಮಾಫ್ ಮಾಡೇನಿ ಅಂತ ಬರೀಬ್ಯಾಡ್ರಿ" ಎಂದರು. ಅದನ್ನು ತಿಳಿಸಿದಾಗ ಅಯ್ಯನವರು, "ಆಕಿ ಹೇಳಿದಂಗ ಬರೀರಿ" ಎಂದರು.

ಹಾಗೆಯೇ ಬರೆದಿದೆ. ಆ ಇಬ್ಬರ ನಡುವಿನ ಮಾತು ಇನ್ನೂ ಮುಗಿದಿಲ್ಲ. ಅದು ಮುಗಿಯುವಷ್ಟು ದೀರ್ಘವಾದ ಆಯುಷ್ಯವನ್ನೂ, ಹೇಳಲಾಗದ್ದನ್ನು ಹೊತ್ತು ಬರುವವರೆದುರು ಕೂರುವ ಬಲವನ್ನೂ ಕರ್ತನು ಅಯ್ಯನವರಿಗೆ ಕರುಣಿಸಲಿ.