ಕಲ್ಲುಬಾನಿಗೆ ಇಳಿದ ಜವರಯ್ಯ

ಕೆಸರೆಯ ಜವರಯ್ಯನಿಗೆ ಬಚ್ಚಲುಮನೆಯ ಹುಚ್ಚು ಹಿಡಿದಾಗ ಅವನಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಅವನಿಗೆ ಯಾವ ಹುಚ್ಚೂ ಇರಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಹಳ್ಳಿಯಿಂದ ಮೈಸೂರಿಗೆ ಬಂದು ಜಟಕಾ ಕಟ್ಟಿದವನು, ರೈಲ್ವೆ ಸ್ಟೇಷನ್ನಿನ ಮುಂದೆ ನಿಂತು ಕರೆದ ಕಡೆಗೆ ಹೋಗಿ, ಸಂಜೆ ಹುರುಳಿ ಚೀಲವನ್ನೋ ಸೊಪ್ಪಿನ ಕಟ್ಟನ್ನೋ ಹಿಡಿದು ಮನೆಗೆ ಮರಳುವವನು. ಹೆಂಡತಿ ಬೋರಮ್ಮ, ಕುದುರೆ ಚೆಲುವಿ, ಇವರಿಬ್ಬರ ಮಾತು ಮೀರಿದವನಲ್ಲ. ಇಬ್ಬರಲ್ಲಿ ಚೆಲುವಿಯೇ ಕೊಂಚ ಮೆದು ಎಂದು ಜಟಕಾ ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದ, ಮನೆಯಲ್ಲಿ ಹೇಳುತ್ತಿರಲಿಲ್ಲ.

ಅವನಿಗಿದ್ದ ಕಷ್ಟವೆಂದರೆ ಸೊಂಟದ್ದು. ಜಟಕಾದ ಮುಂದಿನ ಹಲಗೆಯ ಮೇಲೆ ಕುಕ್ಕರಿಸಿ ಕೂತು ಕೂತು ಅದು ಎಡಕ್ಕೆ ಹಿಡಿದುಕೊಂಡುಬಿಟ್ಟಿತ್ತು. ಬೀದಿಯಲ್ಲಿ ನಡೆದು ಬರುತ್ತಿದ್ದರೆ ಪಕ್ಕದ ಅಂಗಡಿಗೆ ನುಗ್ಗುವವನಂತೆ ಕಾಣುತ್ತಿದ್ದ. ಎಷ್ಟೋ ಅಂಗಡಿಯವರು "ಬನ್ನಿ, ಏನು ಕೊಡ್ಲಿ?" ಎಂದು ಎದ್ದು ನಿಂತು ಮೋಸಹೋಗಿದ್ದರು.

ಹುಚ್ಚು ಹತ್ತಿದ್ದು ಬಿಂದುಮಾಧವ ರಾಯರ ದೆಸೆಯಿಂದ. ರಾಯರು ನಿವೃತ್ತರಾದ ಇಂಜಿನಿಯರು. ಗೋಕುಲಂ ಕಡೆ ಹೊಸ ಮನೆ ಕಟ್ಟಿಸಿ ಆಗತಾನೆ ಬಂದಿದ್ದರು. ಸ್ಟೇಷನ್ನಿನಿಂದ ಅವರ ಟ್ರಂಕು ತಂದ ಜವರಯ್ಯ ಅದನ್ನು ಒಳಗಿಡಲು ಹೋಗಿ ಬಾಗಿಲು ತಪ್ಪಿ ಬಚ್ಚಲುಮನೆಗೆ ನುಗ್ಗಿದ. ನುಗ್ಗಿದವನು ಟ್ರಂಕು ಹೊತ್ತುಕೊಂಡೇ ನಿಂತುಬಿಟ್ಟ. ಗೋಡೆ ತುಂಬ ಹಾಲಿನಂಥ ಬಿಳಿ ಬಿಲ್ಲೆ. ನಡುವೆ ದೋಣಿಯಂಥ ಬಿಳೀ ತೊಟ್ಟಿ. ಮೂಲೆಯಲ್ಲಿ ಕುಂಡದ ಗಿಡ. ಅದರ ಪಕ್ಕದಲ್ಲಿ ಒಂದು ಬೆತ್ತದ ಕುರ್ಚಿ.

"ಬುದ್ಧೀ, ಬಚ್ಚಲಲ್ಲಿ ಕುರ್ಚಿ ಯಾಕೆ ಬುದ್ಧೀ?"

"ಸ್ನಾನ ಆದ್ಮೇಲೆ ಕೂತ್ಕೊಳ್ಳೋದಕ್ಕಯ್ಯ."

"ಕೂತ್ಕೊಂಡು?"

"ಕೂತ್ಕೊಂಡು ಏನೂ ಇಲ್ಲ. ಸುಮ್ನೆ ಕೂತಿರೋದು. ಮೊದಲು ಆ ಟ್ರಂಕು ಇಳಿಸು ಮಾರಾಯ."

ಸುಮ್ಮನೆ ಕೂತಿರುವುದು! ಆ ಮಾತು ಜವರಯ್ಯನ ತಲೆಯನ್ನು ಹೊಕ್ಕು ಅಲ್ಲೇ ಹಾಸಿಗೆ ಬಿಡಿಸಿಕೊಂಡು ಮಲಗಿತು. ಅವನ ಮನೆಯ ಬಚ್ಚಲಾದರೋ ಹಿತ್ತಿಲ ಮೂಲೆಯಲ್ಲಿ, ಚೆಲುವಿಯ ಕೊಟ್ಟಿಗೆಗೆ ಅಂಟಿಕೊಂಡಿದ್ದ ಕತ್ತಲ ಗೂಡು. ಒಂದು ಒಲೆ, ಅದರ ಮೇಲೊಂದು ಹಂಡೆ, ಕೂರಲು ಒಂದು ಹಾಸುಗಲ್ಲು. ಗೋಡೆಯ ಮಸಿ ಎಷ್ಟಿತ್ತೆಂದರೆ ಸ್ನಾನ ಮುಗಿಸಿ ಹೊರಬರುವಾಗ ಭುಜ ತಗುಲಿದರೆ ಮತ್ತೆ ಒಳಗೆ ಹೋಗಿ ಸ್ನಾನ ಮಾಡಬೇಕು.

ಅಂದೇ ಸಂಜೆ ಬಾಮೈದ ನಿಂಗಯ್ಯನನ್ನು ಕರೆಸಿದ. ನಿಂಗಯ್ಯ ಗಾರೆ ಕೆಲಸದವನು. ಯಾವ ಕೆಲಸ ಹೇಳಿದರೂ "ಆಯ್ತದೆ ಬುಡು" ಎನ್ನುವ ಸ್ವಭಾವ. ಆಮೇಲೆ ಅದು ಹೇಗೆ ಆಗುತ್ತದೆ ಎಂಬುದು ಅವನಿಗೂ ಗೊತ್ತಿರುತ್ತಿರಲಿಲ್ಲ.

"ಬಿಳೀ ಬಿಲ್ಲೆ ಅಂಟುಸ್ಬೇಕು ಕಣ್ಲಾ, ಗೋಡೆಗೆ. ದುಡ್ ಮಾತ್ರ ಜಾಸ್ತಿ ಕೇಳ್ಬೇಡ."

"ಆಯ್ತದೆ ಬುಡು ಬಾವ. ಬಿಲ್ಲೆ ಬ್ಯಾಡ. ಹೋಟ್ಲಲ್ಲಿ ಒಡ್ದೋದ ಕಪ್ಪು ಸಾಸರು ಬಿಸಾಕ್ತಾರಲ್ಲ, ಅದ್ನೇ ಗಾರೆಲಿ ಕೂರ್ಸದು. ಅದೂ ಬೆಳ್ಳುಗೇ ಅದೆ."

ಮರುದಿನದಿಂದ ಜವರಯ್ಯ ದೇವರಾಜ ಮೊಹಲ್ಲಾದ ಹೋಟೆಲುಗಳ ಹಿತ್ತಿಲಿಗೆ ಜಟಕಾ ಹೊಡೆದ. ಕಪ್ಪು ಬಿದ್ದ ಸದ್ದು ಕೇಳಿದರೆ ಸಾಕು, ಅವನ ಮುಖ ಅರಳುತ್ತಿತ್ತು. ಒಂದು ಹೋಟೆಲಿನ ಯಜಮಾನ, ಇವನು ಬಂದು ನಿಂತಾಗಲೆಲ್ಲ ಮಾಣಿಗಳ ಕೈಯಿಂದ ಕಪ್ಪು ಜಾರುತ್ತದೆ, ಇವನದು ಕೆಟ್ಟ ಕಣ್ಣು ಎಂದು ಬೈದು ಅಟ್ಟಿದ. ಅಂತೂ ಗೋಡೆ ತುಂಬಿತು. ನಿಂಗಯ್ಯ ಕೆಲವು ಕಪ್ಪುಗಳ ಹಿಡಿಯನ್ನು ಹಾಗೇ ಉಳಿಸಿ ಅಂಟಿಸಿದ್ದ. ಟವಲ್ಲು, ಪಂಚೆ ತಗುಲಿ ಹಾಕಲು ಅವು ಗೂಟಕ್ಕಿಂತ ಚೆನ್ನಾಗಿದ್ದವು. ನೆರೆಮನೆಯ ಸರೋಜಮ್ಮ ಬಂದು ಬಗ್ಗಿ ನೋಡಿ, "ಗೋಡೆ ಕಾಫಿ ಕುಡ್ದಂಗದೆ ಕಣಕ್ಕಾ" ಎಂದು ಬೋರಮ್ಮನಿಗೆ ಹೇಳಿ ಹೋದಳು.

ಗುಜರಿಯಿಂದ ಒಂದು ಕುರ್ಚಿಯೂ ಬಂತು. ಇನ್ನು ಉಳಿದದ್ದು ತೊಟ್ಟಿ. ಪೇಟೆಯ ಆಚೆ ಒಂದು ಹಳೆಯ ಲಾಯ ಕೆಡವುತ್ತಿದ್ದರು. ಕುದುರೆಗಳು ನೀರು ಕುಡಿಯುತ್ತಿದ್ದ ಉದ್ದನೆಯ ಕಲ್ಲುಬಾನಿ ಅಲ್ಲಿ ಅನಾಥವಾಗಿ ಬಿದ್ದಿತ್ತು. ಹೊತ್ತುಕೊಂಡು ಹೋದರೆ ಬಿಟ್ಟಿ ಎಂದರು. ಅದನ್ನು ಹೊರುವುದು ಮನುಷ್ಯಮಾತ್ರರಿಂದ ಆಗದು ಎಂಬ ಧೈರ್ಯದಿಂದಲೇ ಹಾಗೆ ಹೇಳಿರಬೇಕು. ಜವರಯ್ಯ ಎತ್ತಿನ ಗಾಡಿ, ಹಗ್ಗ, ಜಟಕಾ ಸ್ಟ್ಯಾಂಡಿನ ಅರ್ಧ ಜನ, ಎಲ್ಲವನ್ನೂ ಹೊಂದಿಸಿ ತಂದೇಬಿಟ್ಟ.

ಬೋರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕುದ್ರೆ ಬಾಯಿಕ್ಕೋ ಬಾನಿಲಿ ಮನ್ಸ ಕೂರದು ಯಾವ್ ಸೀಮೆಲದೆ? ನಿಮ್ಗೇನ್ ತಲೆ ನೆಟ್ಟಗದಾ?"

"ನೀನ್ ನೋಡ್ತಿರು ಕಣೆ. ರಾಯರ ಮನೆಲಿ ಇಂಗೇ ಅದೆ."

ಬಾನಿ ಬಾಗಿಲಲ್ಲಿ ಹಿಡಿಸಲಿಲ್ಲ. "ಆಯ್ತದೆ ಬುಡು" ಎಂದು ನಿಂಗಯ್ಯ ಕೊಟ್ಟಿಗೆ ಕಡೆಯ ಗೋಡೆ ಒಡೆದ. ಬಾನಿ ಒಳಗೆ ಹೋದ ಮೇಲೆ ಗೋಡೆ ಕಟ್ಟಲು ಇಟ್ಟಿಗೆ ಸಾಲದೆ, ಗಾಳಿ ಬೆಳಕು ಬರಲಿ ಎಂದು ದೊಡ್ಡದೊಂದು ಕಿಟಕಿ ಬಿಟ್ಟ. ಕಿಟಕಿಯ ಆಚೆ ಚೆಲುವಿ ನಿಂತಿದ್ದಳು. ಅವಳ ಮೂತಿಗೂ ಬಾನಿಗೂ ಈಗ ಒಂದು ಮೊಳ ದೂರ.

ಒಂದು ಭಾನುವಾರ ಮಧ್ಯಾಹ್ನ ಮುಹೂರ್ತವಾಯಿತು. ಬಾನಿಗೆ ಬೇಕಾದ ನೀರು ಹೊರಲು ಬೋರಮ್ಮ ಒಪ್ಪಲಿಲ್ಲ. ಜವರಯ್ಯ ಎಣ್ಣೆ ಡಬ್ಬಗಳಿಗೆ ಬೀದಿ ನಲ್ಲಿಯಲ್ಲಿ ನೀರು ಹಿಡಿದು ಜಟಕಾದಲ್ಲಿ ಕೂರಿಸಿಕೊಂಡು ಬಂದ. ನಲ್ಲಿಯ ಹತ್ತಿರ ಸರದಿ ನಿಂತ ಹೆಂಗಸರು, "ನಾವ್ ಹತ್ತಿದ್ರೆ ಚಾರ್ಜು ಕೇಳ್ತೀಯ, ನೀರ್ಗೆ ಬಿಟ್ಟಿ ಸವಾರಿನಾ ಜವರಣ್ಣ?" ಎಂದು ಛೇಡಿಸಿದರು. ಒಂದು ಹಂಡೆ ಕಾಯಿಸಿ ಸುರಿದು ಇನ್ನೊಂದು ಕಾಯಿಸುವಷ್ಟರಲ್ಲಿ ಮೊದಲನೆಯದರ ಬಿಸಿಯನ್ನೆಲ್ಲ ಕಲ್ಲು ಹೀರಿಬಿಡುತ್ತಿತ್ತು. ಕೊನೆಗೆ ಉಗುರುಬೆಚ್ಚಗೆ ಎಂದು ಧಾರಾಳ ಮನಸ್ಸಿನವರು ಹೇಳಬಹುದಾದ ನೀರು ತುಂಬಿತು. ಮಾರ್ಕೆಟ್ಟಿನಲ್ಲಿ ಮಾರದೆ ಉಳಿದ ಸುಗಂಧರಾಜ, ಸೇವಂತಿಗೆಗಳನ್ನು ಅದರ ಮೇಲೆ ಚೆಲ್ಲಿದ. ಮುರಿದ ಊದುಬತ್ತಿಯ ಒಂದು ಪೊಟ್ಟಣ ಅಗ್ಗಕ್ಕೆ ಸಿಕ್ಕಿತ್ತು. ಒಂದೊಂದೇ ಹಚ್ಚುವುದಕ್ಕೆ ಬೇಸರವಾಗಿ ಇಡೀ ಪೊಟ್ಟಣಕ್ಕೇ ಬೆಂಕಿ ತಗುಲಿಸಿ ಮೂಲೆಯಲ್ಲಿಟ್ಟ. ಬಾಗಿಲ ಅಗುಳಿ ಹಾಕಿ, ಒಂದು ತುಂಡು ಪಂಚೆ ಸುತ್ತಿಕೊಂಡು, ದೇವರ ಹೆಸರು ಹೇಳಿ ಬಾನಿಗೆ ಇಳಿದ.

ಇಳಿಯುವುದಕ್ಕೆ ಏನೂ ಕಷ್ಟವಾಗಲಿಲ್ಲ. ಸೊಂಟದವರೆಗೆ ಹೋದ, ಇನ್ನೊಂದಿಷ್ಟು ಜಾರಿದ, ಕೂತ. ಕಣ್ಣು ಮುಚ್ಚಿದ. ರಾಯರು ಹೇಳಿದ ಹಾಗೆ ಸುಮ್ಮನಿದ್ದ. ಆಹಾ, ಇದಪ್ಪಾ ಬಾಳು ಎನ್ನಿಸಿತು. ಅಷ್ಟರಲ್ಲಿ ಕೆನ್ನೆಗೆ ಏನೋ ಬೆಚ್ಚಗೆ ಉಸಿರು ಬಡಿಯಿತು. ಕಣ್ಣು ಬಿಟ್ಟರೆ ಚೆಲುವಿ ಕಿಟಕಿಯಿಂದ ಕತ್ತು ಚಾಚಿ ಸೇವಂತಿಗೆ ಮೇಯುತ್ತಿದ್ದಾಳೆ. "ಹೇಯ್, ಹೋಗೇ!" ಎಂದು ನೀರು ಎರಚಿದ. ಅವಳು ಹೂ ಮುಗಿಸಿ ನೀರಿಗೆ ಬಾಯಿ ಹಾಕಿದಳು. ಕುದುರೆ ಬಾನಿಯಲ್ಲಿ ತಾನು ಕೂತು ಕುದುರೆಗೆ ಹೋಗು ಎನ್ನುವುದು ಯಾವ ನ್ಯಾಯ ಎಂದು ಅವನಿಗೇ ಒಂದು ಗಳಿಗೆ ಅನ್ನಿಸಿತು.

ಈ ನಡುವೆ ಊದುಬತ್ತಿಯ ಪೊಟ್ಟಣ ತನ್ನ ಕೆಲಸ ಮಾಡುತ್ತಿತ್ತು. ಹೊಗೆ ಹೆಂಚಿನ ಸಂದಿಯಿಂದ ಎದ್ದು ಬೀದಿಗೆ ಹೋಯಿತು. ಸರೋಜಮ್ಮ ನೋಡಿದವಳೇ, "ಅಯ್ಯಯ್ಯೋ! ಜವರಣ್ಣನ ಮನೆಗೆ ಬೆಂಕಿ ಬಿದ್ದದೆ!" ಎಂದು ಕೂಗಿದಳು. ನಲ್ಲಿಯ ಹತ್ತಿರವಿದ್ದವರೆಲ್ಲ ತುಂಬಿದ ಕೊಡಗಳೊಂದಿಗೇ ಓಡಿಬಂದರು. ಬಾಗಿಲು ಹಾಕಿತ್ತು. ಚೆಲುವಿಯನ್ನು ಪಕ್ಕಕ್ಕೆ ತಳ್ಳಿ ಕಿಟಕಿಯಿಂದಲೇ ಕೊಡ ಕೊಡ ತಣ್ಣೀರು ಸುರಿದರು. ಬೆಂಕಿ ಆರಲಿಲ್ಲ, ಇದ್ದರೆ ತಾನೆ ಆರುವುದಕ್ಕೆ. ಜವರಯ್ಯನ ನೆತ್ತಿ ಮಾತ್ರ ಚೆನ್ನಾಗಿ ತಣಿಯಿತು.

"ನಿಲ್ಸ್ರೋ! ಸಾಯ್ತೀನಿ!"

"ಈಚೆಗೆ ಬನ್ರೀ ಮತ್ತೆ!" ಎಂದು ಬೋರಮ್ಮ ಬಾಗಿಲು ಬಡಿದಳು.

ಜವರಯ್ಯ ಎದ್ದ. ಎಂದರೆ, ಏಳಲು ನೋಡಿದ. ಬಾನಿ ಕಡೆದವನು ಕುದುರೆಯ ಮೂತಿಯ ಅಳತೆ ಹಿಡಿದಿದ್ದನೇ ಹೊರತು ಜವರಯ್ಯನ ಕುಂಡೆಯದಲ್ಲ. "ಆಯ್ತಾಯಿಲ್ಲ ಕಣೆ," ಎಂದ ಒಳಗಿನಿಂದ, ಬಹಳ ಸಣ್ಣ ದನಿಯಲ್ಲಿ. "ಸಿಕ್ಕಾಕೊಂಡ್ಬುಟ್ಟಿವ್ನಿ."

ಕೂಗು ಕೇಳಿ ಓಡಿಬಂದಿದ್ದ ನಿಂಗಯ್ಯ ಕಿಟಕಿ ಹತ್ತಿ ಒಳಗಿಳಿದು ಅಗುಳಿ ತೆಗೆದ. ನೋಡಿದವರಲ್ಲಿ ಕೆಲವರು ಪಾಪ ಎಂದರು, ಉಳಿದವರು ಬಾಯಿಗೆ ಸೆರಗು ಮುಚ್ಚಿಕೊಂಡರು. ಬೋರಮ್ಮ ಹರಳೆಣ್ಣೆ ಬಾಟಲಿಯನ್ನೇ ತಂದು ಬಾನಿಯ ಅಂಚಿನ ಸುತ್ತ ಹೊಯ್ದಳು. ನಿಂಗಯ್ಯ ಬಾವನ ಎರಡೂ ಕಂಕುಳಿಗೆ ಕೈಹಾಕಿ, ಬಾನಿಗೆ ಕಾಲು ಊರಿ, "ಆಯ್ತದೆ ಬುಡು ಬಾವಾ!" ಎಂದು ಜಗ್ಗಿದ. ಲಟಕ್ ಎಂದು ಒಂದು ಸದ್ದಾಯಿತು. ಬಾನಿಯೇ ಸೀಳಿತೋ ಎಂದು ಎಲ್ಲರೂ ಬಗ್ಗಿ ನೋಡಿದರು. ಬಾನಿಗೆ ಏನೂ ಆಗಿರಲಿಲ್ಲ. ಜವರಯ್ಯ ಎದ್ದು ನಿಂತಿದ್ದ. ನೆಟ್ಟಗೆ ನಿಂತಿದ್ದ! ಎಷ್ಟೋ ವರ್ಷದ ಸೊಂಟದ ಹಿಡಿತ ಬಿಟ್ಟುಹೋಗಿತ್ತು. ಅವನು ಒದ್ದೆ ಪಂಚೆಯಲ್ಲೇ ಹಿತ್ತಿಲ ತುಂಬ ಅತ್ತಿಂದಿತ್ತ ನಡೆದು ನೋಡಿದ. ನಕ್ಕ. ಅತ್ತ. ನಿಂಗಯ್ಯನನ್ನು ತಬ್ಬಿಕೊಂಡು ಅವನಿಗೂ ಹರಳೆಣ್ಣೆ ಬಳಿದ.

ಸುದ್ದಿ ಜಟಕಾ ಸ್ಟ್ಯಾಂಡಿಗೆ ತಲುಪಲು ಎಷ್ಟು ಹೊತ್ತು? ಸೊಂಟ ನೆಟ್ಟಗಿರುವ ಜಟಕಾದವನು ಮೈಸೂರಿನಲ್ಲಿ ಯಾರಿದ್ದ? ಬೆಳಗಾದರೆ ಹಿತ್ತಿಲಲ್ಲಿ ಸಾಲು. ಎಲ್ಲರಿಗೂ ಸಿಕ್ಕಿಕೊಳ್ಳಬೇಕು, ನಿಂಗಯ್ಯ ಎಳೆಯಬೇಕು. ಆದರೆ ಸಿಕ್ಕಿಕೊಳ್ಳುವುದೂ ಎಲ್ಲರಿಗೆ ದಕ್ಕುವ ಭಾಗ್ಯವಲ್ಲ. ದಢೂತಿ ನಂಜಯ್ಯ ಬಾನಿಯ ಮೇಲೆ ಮಣೆ ಹಾಕಿದಂತೆ ಕೂತನೇ ಹೊರತು ಒಳಗೆ ಇಳಿಯಲಿಲ್ಲ. ಸಣಕಲ ಸಿದ್ದರಾಜು ಸಲೀಸಾಗಿ ಇಳಿದು ಸಲೀಸಾಗಿ ಎದ್ದು, "ನಂದೇನ್ ಪಾಪ ಮಾಡಿತ್ತು?" ಎಂದು ತನ್ನ ಕುಂಡೆಯನ್ನು ತಾನೇ ತಟ್ಟಿಕೊಂಡು ಕೊರಗಿದ. ನಿಂಗಯ್ಯ ಗಾರೆ ಕರಣೆ ಮೂಲೆಗೆಸೆದು, ಹಣೆಗೆ ವಿಭೂತಿ ಬಳಿದು, ವೈದ್ಯರ ಹಾಗೆ "ಉಸ್ರು ಬುಡಿ, ಇಡೀರಿ" ಎನ್ನತೊಡಗಿದ.

ಬೋರಮ್ಮ ನೋಡಿದಳು, ನೋಡಿದಳು. ಒಂದು ದಿನ ಪೊರಕೆ ತೆಗೆದಳು. ಗಂಡಸರು ಬೇಲಿ ಹಾರಿದರು. ವೈದ್ಯರು ಎಲ್ಲರಿಗಿಂತ ಮೊದಲು ಹಾರಿದರು.

"ಇನ್ನೊಬ್ಬ ಗಂಡ್ಸು ಈ ಬಾನಿಗೆ ಇಳುದ್ರೆ ನಾನು ತೌರ್ಮನೆಗೆ ಹೋಗದಿಲ್ಲ, ನಿಮ್ಮನ್ನೇ ಕಳುಸ್ತೀನಿ," ಎಂದು ಗಂಡನಿಗೆ ಹೇಳಿ, ಬಾನಿಯನ್ನು ಸೀಗೆಪುಡಿ ಹಾಕಿ ಉಜ್ಜಿದಳು. ಉಜ್ಜಿ ಉಜ್ಜಿ ಕಾಲು ಸೋತಿತು. ಹಂಡೆಯಲ್ಲಿ ಬಿಸಿನೀರಿತ್ತು. ಬಾನಿಯ ತಳಕ್ಕೆ ಒಂದಿಷ್ಟು ಸುರಿದು, ಕುರ್ಚಿ ಎಳೆದುಕೊಂಡು ಕೂತು, ಎರಡೂ ಪಾದ ಇಳಿಬಿಟ್ಟಳು.

ಸರೋಜಮ್ಮ ಬೋಸಿ ಪಾತ್ರೆ ಕೇಳಲು ಬಂದವಳು ನೋಡಿದಳು. "ಎಂಗದಕ್ಕಾ?"

"ನೀನೂ ಬುಡು, ನೋಡು."

ಸರೋಜಮ್ಮ ಮಣೆ ಹಾಕಿಕೊಂಡು ಕೂತಳು. ಅವಳು ಹೋಗಿ ಎದುರುಮನೆಯ ಪುಟ್ಟತಾಯಮ್ಮನಿಗೆ ಹೇಳಿದಳು. ಒಂದು ವಾರದಲ್ಲಿ ಬಾನಿಯ ಎರಡೂ ಬದಿಗೆ ಬೀದಿಯ ಹೆಂಗಸರು. ಒಬ್ಬೊಬ್ಬರೂ ಬರುವಾಗ ಒಂದೊಂದು ಕೊಡ ನೀರು, ಒಂದೆರಡು ಸೌದೆ ತರಬೇಕೆಂದು ಬೋರಮ್ಮ ಕಟ್ಟಳೆ ಮಾಡಿದಳು. ಸೌತೇಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಕಪ್ಪಿನ ಹಿಡಿಗಳಿಗೆ ಕೈಚೀಲ ತಗುಲಿಸಿ, ಬಿಸಿನೀರಲ್ಲಿ ಕಾಲು ಆಡಿಸುತ್ತ ಅವರು ಆಡಿದ ಮಾತಿಗೆ, ನಕ್ಕ ನಗುವಿಗೆ ಲೆಕ್ಕವಿಲ್ಲ. ಚೆಲುವಿ ಕಿಟಕಿಯಲ್ಲಿ ಕತ್ತು ಇಟ್ಟು ಸೌತೇಕಾಯಿಯ ತುದಿ ತಿನ್ನುತ್ತಿದ್ದಳು. ಅವಳೂ ಹೆಣ್ಣೇ ಅಲ್ಲವೇ, ಯಾರೂ ಬೇಡವೆನ್ನಲಿಲ್ಲ.

ಜವರಯ್ಯ ಬಾಡಿಗೆ ಮುಗಿಸಿ ಬಂದು ಜಗಲಿಯ ಮೇಲೆ ಟವಲ್ಲು ಹೆಗಲಿಗೆ ಹಾಕಿಕೊಂಡು ಕೂರುತ್ತಿದ್ದ. ಒಳಗಿನಿಂದ ನಗು ಕೇಳಿಬರುತ್ತಿತ್ತು. ಸೊಂಟವೇನೋ ನೆಟ್ಟಗಾಗಿತ್ತು, ಆದರೆ ಸುಮ್ಮನೆ ಕೂರುವ ಯೋಗ ಮಾತ್ರ ಬಂದಿರಲಿಲ್ಲ. ಒಂದು ಸಂಜೆ ತಾಳಲಾರದೆ ಬಾಗಿಲ ಹತ್ತಿರ ಹೋಗಿ ಕೆಮ್ಮಿದ.

"ನಾನೂ ಒಸಿ ಕಾಲು ಇಳಿಬುಡ್ಲಾ ಕಣೆ? ಮೂಲೆಲಿ ಕೂರ್ತೀನಿ. ಮಾತಾಡಲ್ಲ."

ಒಳಗೆ ಗುಸುಗುಸು ನಡೆಯಿತು. ಹೆಂಗಸರು ಸೇರಿ ತೀರ್ಮಾನ ಮಾಡಿದ ಮೇಲೆ ಬೋರಮ್ಮ ಬಾಗಿಲು ಅರ್ಧ ತೆರೆದು, ಅವನ ಪಾದ ನೋಡಿ, ಮುಖ ನೋಡಿ, ಗಂಭೀರವಾಗಿ ಹೇಳಿದಳು:

"ಬನ್ನಿ. ಮೊದ್ಲು ಕಾಲು ತೊಳ್ಕೊಂಡು ಬನ್ನಿ."