ವಾಗಿಯೆಮ್ ಸ್ನಾನ ಮಾಡದ ವಾರ

ಶನಿವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಾವಾ ದ್ವೀಪದ ಯೋಗ್ಯಕರ್ತಾದ ಕಾಲೇಜು ಬೀದಿಗಳಲ್ಲಿ ಬೆಕ್ಕುಗಳನ್ನು ಬಿಟ್ಟರೆ ಎದ್ದವರು ಯಾರೂ ಇಲ್ಲ. ಕಲಾ ವಿಭಾಗದ ತೆರೆದ ಅಂಗಳದ ಹಿಂದೆ ಮಾತ್ರ ಅರವತ್ತರ ಹತ್ತಿರದ ಒಬ್ಬ ಹೆಂಗಸು ಕಡ್ಡಿ ಪೊರಕೆಯೊಂದನ್ನು ತಲೆಕೆಳಗು ಮಾಡಿ ನೆಲಕ್ಕೆ ನೆಡುತ್ತಿದ್ದಾರೆ. ಮೇಲೆ ಬಂದ ಕಡ್ಡಿಗಳ ತುದಿಗೆ ಒಂದು ಕೆಂಪು ಮೆಣಸಿನಕಾಯಿ, ಒಂದು ಸಣ್ಣ ಈರುಳ್ಳಿ, ಮತ್ತೆ ಮೆಣಸಿನಕಾಯಿ, ಮತ್ತೆ ಈರುಳ್ಳಿ. ಚುಚ್ಚುವುದು ಮುಗಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ದಕ್ಷಿಣಕ್ಕೆ ತಿರುಗುತ್ತಾರೆ. ಸಮುದ್ರದ ಕಡೆಯಿಂದ ದಪ್ಪನೆಯ ಮೋಡವೊಂದು ತಲೆ ಹಾಕಿದೆ.

"ಏನಪ್ಪಾ, ಬೆಳಬೆಳಗ್ಗೆನೇ?" ಎಂದು ಅದನ್ನು ಮಾತಾಡಿಸುತ್ತಾರೆ. "ಇವತ್ತು ಇಲ್ಲಿ ನಿನ್ ಕೆಲ್ಸ ಇಲ್ಲ. ಬೆಟ್ಟದ್ ಕಡೆ ಹೋಗು. ಅಲ್ಲಿ ಕೋಸು ಹಾಕಿದ್ದಾರಂತೆ, ನೀರು ಬೇಕಂತೆ."

ಮೋಡ ಸ್ವಲ್ಪ ಹೊತ್ತು ಯೋಚನೆ ಮಾಡಿ ಉತ್ತರಕ್ಕೆ ಹೊರಡುತ್ತದೆ. ಗಾಳಿ ಬೀಸಿತು, ಹೋಯಿತು ಎನ್ನುವವರು ಇದ್ದಾರೆ. ಗಾಳಿಯೂ ಬೀಸಿತು, ಸುಳ್ಳಲ್ಲ.

ಇವರು ಬು ವಾಗಿಯೆಮ್, ಅಂದರೆ ವಾಗಿಯೆಮ್ ಅಮ್ಮ, ಮಳೆ ತಡೆಯುವವರು. ಈ ಊರಿನಲ್ಲಿ ನಾಟಕ, ಸಂಗೀತ, ತೊಗಲುಗೊಂಬೆ, ಕವಿತೆ ಓದು ಎಲ್ಲವೂ ಬಯಲಿನಲ್ಲೇ ಆಗುವುದು. ಇಷ್ಟು ಕಲಾವಿದರು ಹಿಡಿಯುವ ಸಭಾಂಗಣ ಯಾವ ಕಾಲೇಜಿನಲ್ಲೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ವೇದಿಕೆ, ದೀಪ, ಧ್ವನಿವರ್ಧಕಕ್ಕೆ ಹೇಳಿದ ಹಾಗೆ ವಾಗಿಯೆಮ್‌ಗೂ ಹೇಳಿ ಕಳಿಸುತ್ತಾರೆ. ಭಿತ್ತಿಪತ್ರದಲ್ಲಿ ದೀಪದವನ ಹೆಸರಿರುತ್ತದೆ, ಇಸ್ತ್ರಿ ಮಾಡಿದವನ ಹೆಸರೂ ಇರುತ್ತದೆ. ಇವರ ಹೆಸರು ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ. ಬೀಳದ ಮಳೆಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

ಈ ಕಸುಬಿಗೆ ಕೆಲವು ಕಟ್ಟುಪಾಡುಗಳಿವೆ. ಒಪ್ಪಿಕೊಂಡ ಕಾರ್ಯಕ್ರಮ ಮುಗಿಯುವ ತನಕ ಮೈಗೆ ನೀರು ಹಾಕುವ ಹಾಗಿಲ್ಲ. ತಡೆಯುವವರ ಮೈ ಒದ್ದೆಯಾದರೆ ಊರೂ ಒದ್ದೆಯಾಗುತ್ತದೆ. ಆದ್ದರಿಂದ ಊರಲ್ಲಿ ಮುಂದೆ ಏನೇನು ಕಾರ್ಯಕ್ರಮ ಇದೆ ಎಂದು ತಿಳಿಯಲು ಅಕ್ಕಪಕ್ಕದವರು ಕಾಲೇಜಿನ ಫಲಕ ನೋಡುವುದಿಲ್ಲ, ವಾಗಿಯೆಮ್ ಮನೆಯ ಬಚ್ಚಲು ನೋಡುತ್ತಾರೆ. ತೊಟ್ಟಿ ಒಣಗಿದ್ದರೆ ಸಂಜೆಗೆ ಏನೋ ಇದೆ. ಈ ವಾರ ಬುಧವಾರ ಕೃಷಿ ವಿಭಾಗದ ಮೈದಾನದಲ್ಲಿ ಹಳೆಯ ಹಾಡುಗಳ ಕ್ರೊಂಚೊಂಗ್ ಮೇಳ, ಗುರುವಾರ ನಿವೃತ್ತ ಗುಮಾಸ್ತರ ತೊಗಲುಗೊಂಬೆ, ಇವತ್ತು ಕಲಾ ವಿಭಾಗದ ನಾಟಕ. ತೊಟ್ಟಿಯಲ್ಲಿ ಜೇಡ ಬಲೆ ಕಟ್ಟಿದೆ.

"ಬೂ, ಸ್ವಲ್ಪ ಬೆಂಚಿನ ಆ ತುದೀಲಿ ಕೂತ್ಕೊಳ್ಳಿ. ಗಾಳಿ ಈ ಕಡೆ ಬೀಸ್ತಿದೆ, ನನ್ ಗಿರಾಕಿ ಎದ್ ಹೋಗ್ತಾರೆ" ಎನ್ನುತ್ತಾನೆ ಕಾಲೇಜು ಗೇಟಿನ ಬಳಿ ಗಾಡಿಯಲ್ಲಿ ಶುಂಠಿ ಚಹಾ ಮಾರುವ ಜಾರೋಟ್.

"ಹೋಗ್ಲಿ ಬಿಡು. ನಿನ್ ಚಹಾ ಕುಡಿದ್ರೂ ಎದ್ದೇ ಹೋಗ್ತಾರೆ" ಎನ್ನುತ್ತಾರೆ ವಾಗಿಯೆಮ್, ಬಾಳೆಲೆಯಲ್ಲಿ ಕಟ್ಟಿದ ಹಿಡಿ ಅನ್ನ ಬಿಚ್ಚುತ್ತಾ. ಆದರೂ ಎದ್ದು ತುದಿಗೆ ಹೋಗುತ್ತಾರೆ.

ಈ ವಿದ್ಯೆ ಬಂದದ್ದು ಮಾವನಿಂದ. ಅವರು ಒಮ್ಮೆ ಮದುವೆ ಮನೆಯ ಮಳೆ ತಡೆಯಲು ಹೋಗಿ, ತಡೆದದ್ದನ್ನು ವಾಪಸ್ ಬಿಡಲು ಮರೆತು ಹಾಗೇ ಸಂಬಂಧಿಕರ ಊರಿಗೆ ಹೋಗಿಬಿಟ್ಟರಂತೆ. ಆ ವರ್ಷ ಈ ಬೀದಿಯ ಬಾತುಕೋಳಿಗಳು ಈಜುವುದನ್ನೇ ಮರೆತವಂತೆ. ಆಮೇಲೆ ಮಳೆ ಬಂದಾಗ ಅವಕ್ಕೆ ಹೊಸದಾಗಿ ಕಲಿಸಬೇಕಾಯಿತು ಎಂದು ವಾಗಿಯೆಮ್ ಹೇಳುತ್ತಾರೆ. ಯಾರು ಕಲಿಸಿದರು ಎಂದರೆ, "ಕೋಳಿಗಳಂತೂ ಅಲ್ಲ" ಎಂದಷ್ಟೇ ಉತ್ತರ.

ಎರಡನೆಯ ಕಟ್ಟುಪಾಡು ಮೊದಲನೆಯದಕ್ಕಿಂತ ಕಷ್ಟದ್ದು. ಪೊರಕೆಯ ಪಕ್ಕ ಕೂತವರು ಆಕಾಶ ನೋಡಬೇಕು, ವೇದಿಕೆ ನೋಡಬಾರದು. ಕಣ್ಣು ಆಟದ ಮೇಲೆ ಹೋದರೆ ಮೋಡ ಕೈತಪ್ಪುತ್ತದೆ. ಹಾಗಾಗಿ ಊರಿನ ಎಲ್ಲ ನಾಟಕಗಳೂ ವಾಗಿಯೆಮ್ ಬೆನ್ನ ಹಿಂದೆಯೇ ನಡೆದಿವೆ. ರಾಜ ಸತ್ತಿದ್ದು, ರಾಣಿ ಅತ್ತಿದ್ದು ಎಲ್ಲ ಕಿವಿಗೇ ಗೊತ್ತು. ಇಷ್ಟು ದಿನ ಅದೇನೂ ದೊಡ್ಡದು ಅನ್ನಿಸಿರಲಿಲ್ಲ. ಆದರೆ ಇವತ್ತಿನ ನಾಟಕದಲ್ಲಿ ಮುಖ್ಯ ಪಾತ್ರ ಮಗಳು ವೂರಿಯದು.

"ಅಮ್ಮ, ನನ್ ನಾಲ್ಕು ನಾಟಕ ಕೇಳಿದ್ದೀಯ, ಒಂದೂ ನೋಡಿಲ್ಲ. ಇದೇ ಕೊನೇದು. ಕಾಲೇಜೂ ಮುಗೀತು, ನಾಟಕಾನೂ ಮುಗೀತು" ಎನ್ನುತ್ತಾಳೆ ವೂರಿ, ಬೆಳಗಿನ ತಾಲೀಮಿನ ನಡುವೆ ಪೊರಕೆಯ ಬಳಿ ಬಂದು.

"ಕೇಳಿದ್ರೆ ಸಾಲ್ದಾ? ಹೋದ್ ಸಲ ಮಾತು ಮರೆತು ಕೆಮ್ಮಿದ್ದೆ. ಗೊತ್ತಾಗ್ಲಿಲ್ವಾ ನಂಗೆ?"

"ಕೆಮ್ಮಿದ್ದೊಂದು ಗೊತ್ತಾಗುತ್ತೆ ನಿಂಗೆ. ನಾನು ಅಲ್ಲಿ ನಿಂತ್ರೆ ಹೇಗ್ ಕಾಣ್ತೀನಿ, ಗೊತ್ತಾ?"

ವಾಗಿಯೆಮ್ ಮೆಣಸಿನಕಾಯಿ ಸರಿ ಮಾಡುತ್ತಾರೆ. ಅದು ಸರಿಯಾಗಿಯೇ ಇತ್ತು. ಮಳೆ ಬಂದರೆ ನಾಟಕವೇ ಇಲ್ಲ, ನಾಲ್ಕು ತಿಂಗಳ ತಾಲೀಮು ನೀರುಪಾಲು. ಮಳೆ ತಡೆದರೆ ನಾಟಕ ಇದೆ, ಆದರೆ ಅಮ್ಮ ಬೆನ್ನು ತಿರುಗಿಸಿರಬೇಕು.

ಬದಲಿಗೆ ಯಾರನ್ನಾದರೂ ಕೂರಿಸೋಣ ಎಂದರೆ, ಅವರೂ ನಾಲ್ಕು ದಿನದಿಂದ ಸ್ನಾನ ಮಾಡಿರಬಾರದು. ಜಾರೋಟ್ ದಿನಕ್ಕೆರಡು ಸಲ ಮೀಯುವವನು, ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವವನು. ಆಗ ಮುಂದೆ ಬರುತ್ತಾನೆ ನಾಟಕದ ಉಸ್ತುವಾರಿ ಬೋನಾರ್, ಮೆದಾನ್ ಊರಿನ ಕಡೆಯ ದೊಡ್ಡ ಗಂಟಲಿನ ಹುಡುಗ.

"ನಾನ್ ಕೂರ್ತೀನಿ ಬೂ!"

"ಸ್ನಾನ?"

ಬೋನಾರ್ ಲೆಕ್ಕ ಹಾಕುತ್ತಾನೆ. "ಬುಧವಾರ. ಅಲ್ಲ ಅಲ್ಲ, ಅದರ ಹಿಂದಿನ ಬುಧವಾರ."

"ನಿಜ ಅಮ್ಮ. ತಾಲೀಮಿಗೆ ಬಂದೋರೆಲ್ಲ ಸಾಕ್ಷಿ" ಎನ್ನುತ್ತಾಳೆ ವೂರಿ, ಎರಡು ಹೆಜ್ಜೆ ಹಿಂದೆ ಸರಿದು.

"ಯಾರೂ ಹೇಳದೇನೆ ಇಷ್ಟು ಶ್ರದ್ಧೆ!" ವಾಗಿಯೆಮ್‌ಗೆ ನಿಜವಾಗಿಯೂ ಮೆಚ್ಚುಗೆಯಾಗಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಹೇಳಿಕೊಡುತ್ತಾರೆ. ತಿರುಗಬಾರದು, ಏಳಬಾರದು, ನೀರು ಕುಡಿಯಬಾರದು. ಮೋಡದ ಹತ್ತಿರ ಜೋರು ಮಾಡಬಾರದು, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ ಹೇಳಬೇಕು. ಒಂದು ಮಾತನ್ನು ಮಾತ್ರ ಅವರು ಹೇಳುವುದಿಲ್ಲ. ಈ ಮೂವತ್ತು ವರ್ಷದಲ್ಲಿ ಅದನ್ನು ಯಾರಿಗೂ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಸಂಜೆ ಅಂಗಳ ತುಂಬಿದೆ. ಜನ ಚಾಪೆಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಾರೆ. ಮುಂದಿನ ಸಾಲಿನಲ್ಲಿ ವಾಗಿಯೆಮ್, ಸುತ್ತ ಸಾಕಷ್ಟು ಖಾಲಿ ಜಾಗ. ಕೈ ಎಲ್ಲಿಡಬೇಕು ಎಂದು ಅವರಿಗೆ ತಿಳಿಯುತ್ತಿಲ್ಲ. ಮತ್ತೆ ಮತ್ತೆ ಕತ್ತು ಮೇಲಕ್ಕೆ ಹೋಗುತ್ತದೆ, ತಾವೇ ಕೆಳಗಿಳಿಸಿಕೊಳ್ಳುತ್ತಾರೆ. ನಾಟಕ, ಮಳೆಯನ್ನೇ ಮರೆತ ಊರೊಂದರಲ್ಲಿ ಛತ್ರಿ ಮಾರುವ ಹುಡುಗಿಯ ಕಥೆ. ಬಗಲಲ್ಲಿ ಛತ್ರಿಗಳ ಕಟ್ಟು ಹಿಡಿದು ವೂರಿ ಬೆಳಕಿಗೆ ಬರುತ್ತಿದ್ದ ಹಾಗೆ ವಾಗಿಯೆಮ್ ಕತ್ತು ಮೇಲಕ್ಕೆ ಹೋಗುವುದು ನಿಲ್ಲುತ್ತದೆ.

ಕೊನೆಯ ದೃಶ್ಯದ ಹೊತ್ತಿಗೆ ಅವರ ಕುತ್ತಿಗೆಯ ಮೇಲೆ ಒಂದು ಹನಿ ಬೀಳುತ್ತದೆ.

ಅದು ಎಂಥ ಹನಿ, ಅದರ ಹಿಂದೆ ಎಷ್ಟು ನೆಂಟರು ಬರುತ್ತಿದ್ದಾರೆ ಎಂಬುದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಅರ್ಧ ಏಳುತ್ತಾರೆ. ಈಗಲೇ ಹಿಂದಕ್ಕೆ ಓಡಿದರೆ ತಡೆಯಬಹುದು. ಎದುರಿಗೆ ವೂರಿ, "ಇವತ್ತಲ್ಲ ನಾಳೆ ಬಂದೇ ಬರುತ್ತೆ, ಆಗ ನನ್ನನ್ನ ಹುಡುಕ್ಕೊಂಡು ಬರ್ತೀರಿ" ಎಂದು ಊರಿಗೆ ಹೇಳುತ್ತಿದ್ದಾಳೆ. ಅವಳ ಗಲ್ಲ ಸ್ವಲ್ಪ ನಡುಗುತ್ತಿದೆ. ಅದು ಹಿಂದಿನಿಂದ ಕೇಳಿಸುವಂಥದ್ದಲ್ಲ. ವಾಗಿಯೆಮ್ ಮತ್ತೆ ಕೂರುತ್ತಾರೆ.

ಮಳೆ ಧೋ ಎಂದು ಸುರಿಯುತ್ತದೆ. ಜನ ಚಾಪೆ ಎತ್ತಿಕೊಂಡು ಎದ್ದಾಗ ವೂರಿ ವೇದಿಕೆಯಿಂದ ಕೆಳಗೆ ಹಾರಿ ಕೂಗುತ್ತಾಳೆ, "ಛತ್ರೀ! ಛತ್ರಿ ಯಾರಿಗೆ ಬೇಕು?" ಎದ್ದವರು ನಿಲ್ಲುತ್ತಾರೆ. ಅವಳು ನೇರ ಮುಂದಿನ ಸಾಲಿಗೆ ಬರುತ್ತಾಳೆ.

"ಅಮ್ಮಾ, ಛತ್ರಿ ತಗೋತೀರಾ?"

ವಾಗಿಯೆಮ್‌ಗೆ ನಾಟಕದ ರೀತಿ ಗೊತ್ತಿಲ್ಲ, ಸಂತೆಯ ರೀತಿ ಗೊತ್ತು. "ಎಷ್ಟು?"

ವೂರಿ ಬೆಲೆ ಹೇಳುತ್ತಾಳೆ.

"ಅಯ್ಯೋ! ಹಳೇ ಬಟ್ಟೆ, ಒಂದು ಕಡ್ಡಿ ಬೇರೆ ಮುರಿದಿದೆ. ಅರ್ಧಕ್ಕೆ ಕೊಡು."

"ಅರ್ಧಕ್ಕೆ ಕೊಟ್ರೆ ನಮ್ಮಮ್ಮ ಬೈತಾಳೆ."

"ಬೈಯಲ್ಲ, ನಾನ್ ಹೇಳ್ತೀನಿ ಅವಳಿಗೆ. ಕೊಡು."

ಅಂಗಳವೇ ನಕ್ಕು ಕುಸಿಯುತ್ತದೆ. ಹೊರಟವರು ಒದ್ದೆ ಚಾಪೆಯ ಮೇಲೇ ಕೂರುತ್ತಾರೆ. ಚೌಕಾಸಿ ಮುಗಿಸಿ ವೂರಿ ವೇದಿಕೆ ಹತ್ತುತ್ತಾಳೆ, ಉಳಿದ ದೃಶ್ಯ ಸುರಿಯುವ ಮಳೆಯಲ್ಲೇ ಮುಗಿಯುತ್ತದೆ. ಆ ಚಪ್ಪಾಳೆಗೆ ಉತ್ತರದ ಬೆಟ್ಟಕ್ಕೆ ಹೋಗಿದ್ದ ಬೆಳಗಿನ ಮೋಡವೂ ಏನದು ಎಂದು ನೋಡಲು ವಾಪಸ್ ಬಂದಿತ್ತು ಎಂದು ಜಾರೋಟ್ ಆಣೆ ಮಾಡಿ ಹೇಳುತ್ತಾನೆ.

ಭಾನುವಾರ ಬೆಳಿಗ್ಗೆ ಜಾರೋಟ್ ಗಾಡಿಯ ಬಳಿ ವಿಚಾರಣೆ.

"ನೀರು ಕುಡೀಬೇಡ ಅಂದ್ರಿ, ಕುಡೀಲಿಲ್ಲ" ಎನ್ನುತ್ತಾನೆ ಬೋನಾರ್. "ನೂಡಲ್ಸ್ ತಿನ್ಬೇಡ ಅನ್ಲಿಲ್ವಲ್ಲ ಬೂ. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಇರ್ಲಿಲ್ಲ. ಸಪ್ಪೆ ಇತ್ತು. ಪೊರಕೇಲಿ ಮೆಣಸಿನಕಾಯಿ ಕಾಣಿಸ್ತು."

"ಎಷ್ಟು ಕಿತ್ತೆ?"

"ಮೊದಲು ಒಂದೇ."

"ಆಮೇಲೆ?"

"ಈರುಳ್ಳೀನೂ ಚೆನ್ನಾಗಿತ್ತು ಬೂ."

ಅಂಗಳದಲ್ಲಿ ನಿಜವಾದ ಮಳೆ ತರಿಸಿದ ಉಸ್ತುವಾರಿ ಎಂದು ಕಾಲೇಜಿನಲ್ಲೆಲ್ಲ ಈಗ ಬೋನಾರ್‌ನದೇ ಹೆಸರು. ವಾಗಿಯೆಮ್ ಅವನ ತಟ್ಟೆಗೆ ಸೋಯಾ ಕಾಳಿನ ಇನ್ನೊಂದು ಹುರಿದ ತೆಂಪೆ ಹಾಕುತ್ತಾರೆ. ಮಂಗಳವಾರ ಬಾಲಕಿಯರ ಕಂಚಿನ ವಾದ್ಯಗಳ ಗಾಮೆಲಾನ್ ಮೇಳ, ಶುಕ್ರವಾರ ಆಲದ ಮರದ ಕೆಳಗೆ ಕವಿತೆ ಓದು. ತೊಟ್ಟಿ ನಾಳೆಯಿಂದ ಮತ್ತೆ ಒಣಗಲಿದೆ. ಈ ವಾರದ ಸ್ನಾನವಂತೂ ನೂರಾರು ಜನರ ಎದುರಿಗೇ ಆಗಿದೆ.

ಆ ಛತ್ರಿ ಅವರ ತೊಡೆಯ ಮೇಲಿದೆ, ಇನ್ನೂ ದಾರ ಬಿಚ್ಚಿಲ್ಲ.

"ಕೈಯಲ್ಲಿ ಛತ್ರಿ ಇಟ್ಕೊಂಡು ಹಾಗೆ ನೆನೆದ್ರಲ್ಲ ಬೂ, ತೆರೆಯೋಕೆ ಏನಾಗಿತ್ತು?" ಎಂದು ಜಾರೋಟ್ ಕೇಳುತ್ತಾನೆ.

"ತೆರೆದಿದ್ರೆ ಅಡ್ಡ ಬರ್ತಿತ್ತು" ಎನ್ನುತ್ತಾರೆ ವಾಗಿಯೆಮ್. "ಮಗಳು ಕಾಣ್ತಿರ್ಲಿಲ್ಲ."